ಕೆಳಗಿಂದ ಎಳದ ದಾರ

ಕುರುಗೋಡಾಗ ಬಸ್ ಇಳದು ನಮ್ಮ ಓಣಿಗೆ ಬರಬೇಕಂದ್ರ ಒಂದು ಹಳೇ ಬಾವಿ ದಾಟಬೇಕು. ಬಾವಿ ಮ್ಯಾಲ ಬಗ್ಗಿಕೊಂಡು ಒಂದು ಆಲದ ಮರ. ನಗಬ್ಯಾಡ್ರಿ... ಇದು ಯಾರೋ ಯಾರಿಗೋ ಹೇಳಿದ್ದಲ್ಲ. ಅರ್ಧ ನಮ್ಮ ದೊಡ್ಡಪ್ಪನ ಮಗ ಇಮಾಮಸಾಬ್ ಹೇಳಿದ್ದು. ಇನ್ನರ್ಧ ನಾನಾ ಕಣ್ಣಾರೆ ನೋಡಿದ್ದು.

ಆಗ ಬಳ್ಳಾರಿ ತುಂಬ ಅದಿರಿನ ಲಾರಿ. ಗಿಡದ ಎಲಿ ಸೈತ ಕೆಂಪು. ನಾನು ಬ್ರೂಸ್‌ಪೇಟ್ಯಾಗ ಒಂದು ಅಂಗಡ್ಯಾಗ ಕೆಲಸಕ್ಕಿದ್ದೆ. ಅವತ್ತು ಇಮಾಮಣ್ಣ ಕಾರವಾರದಿಂದ ಬಂದು ಅಂಗಡಿ ಮುಂದ ನಿಂತ. ಇಬ್ರೂ ಕಡೇ ಬಸ್ಸಿಗೆ ಊರಿಗೆ ಬಂದ್ವಿ. ಬಾವಿ ಹತ್ರ ಬರೂದ್ರಾಗ ನನ್ನ ರಟ್ಟಿ ಗಟ್ಟಿಯಾಗಿ ಹಿಡದ.

"ಅಜರ್... ಈ ಕಡೆ ಬ್ಯಾಡ. ಹೊಲದಾಗ ಹಾಯ್ದು ಹೋಗೂನು."

"ಯಾಕಣ್ಣ?"

"ಕೇಳು..."

ಕಿವಿಗೊಟ್ಟೆ. ಬಾವ್ಯಾಗ... ತೊಟಕ್. ಸ್ವಲ್ಪ ಹೊತ್ತು ಸುಮ್ಮ. ಮತ್ತ... ತೊಟಕ್.

"ಆಲದ ಹಣ್ಣು ಬೀಳಾಕತ್ತಾವ," ಅಂದೆ ನಾನು, ಸಣ್ಣ ದನಿಯಾಗ.

"ಹಣ್ಣು ಬಿದ್ದು ಹೋಗತೈತಿ. ಇದು ಬಿದ್ದು... ಮತ್ತ ಮ್ಯಾಲ ಬರಾಕತ್ತೈತಿ."

ನಾ ಎದುರಾಡದ ಹೊಲಕ್ಕ ಇಳದೆ. ಯಾಕಂದ್ರ, ಬಾವಿಗೆ ಅಂಜೋ ಮನಿಷಾ ಅಲ್ಲ ಅಂವ. ಬಾವ್ಯಾಗ ಬಿದ್ದ ಕೊಡ, ತಂಬಿಗಿ ತಗಿಯೋದಾ ಅವನ ಕಸುಬು. ಸುತ್ತಲೂ ಕೊಕ್ಕಿ ಇರೋ ಪಾತಾಳಗರಡಿನ ಹಗ್ಗಕ್ಕ ಕಟ್ಟಿ ಇಳಿಬಿಡ್ತಿದ್ದ. ತಳಾ ಮುಟ್ಟಿಸಿ ಒಂದು ಜಗ್ಗು, ಸ್ವಲ್ಪ ಬಿಡು, ಮತ್ತ ಜಗ್ಗು. ಕುರುಗೋಡು, ಸಿರುಗುಪ್ಪ ಕಡೆ ಒಂದೆರಡು ಸಲ ಹೆಣಾನೂ ತಗದಿದ್ದ. ಅಂಥಾವ ಅವತ್ತು ಮುಳ್ಳು ತುಳಕೋತ ಹೊಲದಾಗ ಸುತ್ತು ಹಾಕಿ ಮನಿ ಸೇರಿದ.

ನಮ್ಮ ಕಟ್ಟಿ ಮ್ಯಾಲ ಕುಂತು ಹೇಳಿದ. ಒಳಗ ಅವನ ಹೆಂಡ್ತಿ ದಾವಲಬೀ ಎದ್ದಿದ್ಲು, ಬಳಿ ಸಪ್ಪಳ ಕೇಳ್ತಿತ್ತು. ಆದ್ರ ಹೊರಗ ಬರಲಿಲ್ಲ.

ಸಿರುಗುಪ್ಪದ ಸುಂಕಪ್ಪ ಅಂತ ಒಬ್ಬ ಇದ್ದ. ಮೊದಲು ಹಲಕುಂದಿ ಕಡೆ ಸುತ್ತಿಗಿ ಹಿಡದು ಅದಿರು ಒಡೆಯೋ ಕೂಲಿ. ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ ಬಿಟ್ರ ಮನ್ಯಾಗ ಏನೂ ಇರ್ಲಿಲ್ಲ. ಚೀನಾಕ್ಕ ಅದಿರು ಹೋಗಾಕ ಶುರು ಆತಲ್ಲ, ಅವಾಗ ಒಂದು ಹಳೇ ಲಾರಿ ತಗೊಂಡ. ಆಮ್ಯಾಲ ಲಾರಿ ಮ್ಯಾಲ ಲಾರಿ. ಕಂಟೋನ್ಮೆಂಟಾಗ ಮನಿ. ಹೆಂಡ್ತಿ ಪಕ್ಕೀರಮ್ಮ, ಒಬ್ಬಾಕಿ ಮಗಳು... ಯಶೋಧರಾ. ಕಾಲೇಜಿಗೆ ಹೋಗ್ತಿದ್ಲು.

ಲಾರಿ ಕಾರವಾರದ ಬಂದರಿಗೆ ಹೋಗ್ತಿದ್ವು. ಅಲ್ಲಿ ಅದಿರು ಇಳಸಾಕ ದಿನಗಟ್ಲೆ ಕಾಯಬೇಕು. ಕಾಯೋ ಹೊತ್ತಿನ್ಯಾಗ ಸುಂಕಪ್ಪಗ ಗಾಳದ ಹುಚ್ಚು ಹತ್ತಿತು. ನಮ್ಮ ಕೆರಿ ದಂಡಿ ಗಾಳ ಅಲ್ಲ. ಬಾಡಿಗಿ ಬೋಟು, ಅದನ್ನ ನಡಸೋ ತಾಂಡೇಲ, ದಾರ ಸುತ್ತೋ ಚಕ್ರ ಇರೋ ಗಾಳದ ಕೋಲು. ಹುಳಾ ಇಲ್ಲ, ಎರಿ ಇಲ್ಲ. ಮೀನಿನಂಗ ಕಾಣೋ ಒಂದು ಸೀಸದ ತುಂಡು, ಅದಕ್ಕ ಕೊಕ್ಕಿ. ಜಿಗ್ ಅಂತಾರ. ತಳಾ ಮುಟ್ಟೋ ತನಕ ಬಿಡೋದು. ಆಮ್ಯಾಲ ಕೋಲು ಮ್ಯಾಲಕ್ಕ ಜಗ್ಗು, ಚಕ್ರ ಸುತ್ತು. ಜಗ್ಗು, ಸುತ್ತು. ನೀರಾಗ ಆ ಸೀಸ ಗಾಯದ ಮೀನಿನಂಗ ಒದ್ದಾಡತೈತಿ. ಸುರಮಯಿ ಮೀನು ಬಂದು ಗಪ್ಪನೆ ಹಿಡೀತೈತಿ. ಹಿಡೀತಂದ್ರ ಚಕ್ರ ಕಿರ್ರ್‌ ಅಂತ ಒದರತೈತಿ.

ರಜಾಕ್ಕ ಮಗಳೂ ಬರಾಕ ಹತ್ತಿದ್ಲು. ತಲಿಗೆ ಇಸ್ತ್ರಿ ಮಾಡಿದ ಬಿಳೇ ಓಢಣಿ, ಸಣ್ಣ ನೀಲಿ ಹೂವಿಂದು. ಅಪ್ಪಗಿಂತ ಆಕಿ ಕೈ ಚುರುಕು.

ಒಂದಿನ ಆಕಿ ಜಿಗ್ಗಿಗೆ ದೊಡ್ಡ ಸುರಮಯಿ ಬಿತ್ತು. ಕೋಲು ಬಿಲ್ಲಿನಂಗ ಬಾಗಿತು. ಸುಂಕಪ್ಪ ಖುಷೀಲೆ ಕೂಗಿದ. "ಬಿಡಬ್ಯಾಡ! ಯಶೂ, ಬಿಡಬ್ಯಾಡ!" ಆಕಿ ಬಿಡಲಿಲ್ಲ. ಆ ಕಡಿಂದ ಒಂದು ತೆರಿ ಬೋಟಿಗೆ ಬಡೀತು... ಆಕಿ ಕೋಲಿನ ಸಮೇತ ನೀರಿಗೆ ಹೋದ್ಲು. ತಾಂಡೇಲ ಹಿಂದ ಹಾರಿದ. ಮ್ಯಾಲ ಏನೂ ಕಾಣ್ಲಿಲ್ಲ. ಕೈ ಸೈತ.

ಹೆಣಾ ಸಿಗಲಿಲ್ಲ. ಅಷ್ಟು ಮಂದಿ ಹುಡುಕಿದ್ರು, ಬಲಿ ಹಾಕಿದ್ರು. ಸಿಗಲಿಲ್ಲ.

ಒಂದು ತಿಂಗಳ ಮ್ಯಾಲ ಸುಂಕಪ್ಪ ಕುರುಗೋಡಿಗೆ ಬಂದ. ಇಮಾಮಣ್ಣನ ಮುಂದ ನೆಲದ ಮ್ಯಾಲ ಕುಂತ.

"ಇಮಾಮ... ನಿನ್ನ ಕೈ ಖಾಲಿ ಬರೂದಿಲ್ಲಂತ. ನನ್ನ ಮಗಳನ್ನ ತಗದುಕೊಡು."

"ಸುಂಕಣ್ಣ, ಬಾವಿಗೆ ತಳಾ ಇರತೈತಿ..."

"ಸಮುದ್ರಕ್ಕೂ ಐತಿ. ನನ್ನ ಜಿಗ್ ಮುಟ್ಟೇತಿ."

ದಾವಲಬೀ ಬಾಗಲಾಗ ನಿಂತು ಬ್ಯಾಡ ಅಂತ ತಲಿ ಆಡಿಸಿದ್ಲು. ಆದ್ರ ಆ ಮನಿಷಾನ ಮಾರಿ ನೋಡಿ ಇಮಾಮಣ್ಣಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಹೋದ.

ಹಾಡಹಗಲು. ನೆತ್ತಿ ಮ್ಯಾಲ ಬಿಸಲು. ಆಕಿ ಬಿದ್ದ ಜಾಗಕ್ಕ ತಾಂಡೇಲ ಬೋಟು ನಿಲ್ಲಿಸಿದ. ಇಬ್ರೂ ಜಿಗ್ ಇಳಿಬಿಟ್ರು. ಜಗ್ಗು, ಸುತ್ತು. ಜಗ್ಗು, ಸುತ್ತು. ಸುರಮಯಿ ಬಂದು ಬಂದು ಬೀಳಾಕತ್ವು. ಒಂದೊಂದು ತೊಡಿ ಗಾತ್ರ. ಸುಂಕಪ್ಪ ಅವುಗಳ ಮಾರಿ ನೋಡ್ತಿರ್ಲಿಲ್ಲ. ಕೊಕ್ಕಿ ಬಿಡಿಸಿ ನೀರಿಗೆ ಒಗೀತಿದ್ದ.

ಮಧ್ಯಾಹ್ನ ದಾಟಿತ್ತು. ಇಮಾಮಣ್ಣನ ಕೊಕ್ಕಿಗೆ ಏನೋ ಸಿಕ್ತು. ಮೀನಲ್ಲ. ಮೀನು ಒದೀತೈತಿ. ಇದು ಹಗೂರಕ ಬಂತು. ಮ್ಯಾಲ ತಗದ್ರ... ಒಂದು ದಾರ. ಹಸರು ದಾರ, ಅಲ್ಲಲ್ಲಿ ಹಳದಿ ಗುರುತು.

ಸುಂಕಪ್ಪ ಅದನ್ನ ಕೈಯಾಗ ಹಿಡದ. ಹಳದಿ ಗುರುತಿನ ಮ್ಯಾಲ ಹೆಬ್ಬಟ್ಟು ಆಡಿಸಿದ.

"ಆಕೀದಾ... ನಾನಾ ಸುತ್ತಿ ಕೊಟ್ಟಿದ್ದೆ."

ಎಳದ. ಒಂದು ಮಾರು ಬಂತು, ಎರಡು ಮಾರು ಬಂತು. ಆಮ್ಯಾಲ ನಿಂತಬಿಡ್ತು. ದಾರ ಬಿಗಿ ಆತು.

ಬೋಟಿನ ಇಂಜಿನ್ ಬಂದ್ ಇತ್ತು. ಗಾಳಿನೂ ಇಲ್ಲ. ಆ ಮೌನದಾಗ... ದಾರದಾಗಿಂದ ಹಾಯ್ದು ಸಪ್ಪಳ ಬಂತು. ಟಿಕ್... ಟಿಕ್... ಟಿಕ್... ಚಕ್ರ ಸುತ್ತೋ ಸಪ್ಪಳ. ತಾಂಡೇಲ ಗಾಳದ ಕೋಲುಗಳ ಚಕ್ರ ನೋಡಿದ. ಎರಡೂ ಕೋಲು ಸುಮ್ಮನ ಬಿದ್ದಿದ್ವು.

ದಾರ ಒಳಗ ಹೋಗಾಕತ್ತಿತ್ತು.

"ಯಶೂ..." ಅಂದ ಸುಂಕಪ್ಪ, ನೀರಿಗೆ ಬಗ್ಗಿ. "ಅದೀಯೇನವ್ವಾ?"

ಒಂದು ಜಗ್ಗು.

ಆಮ್ಯಾಲ ಟಿಕ್ ಟಿಕ್ ಟಿಕ್. ಮತ್ತ ಜಗ್ಗು. ಮತ್ತ ಟಿಕ್ ಟಿಕ್ ಟಿಕ್.

ಇಷ್ಟು ಹೇಳಿ ಇಮಾಮಣ್ಣ ನನ್ನ ಮಾರಿ ನೋಡಿದ. "ತಿಳೀತೇನಲೇ? ಮ್ಯಾಲಿಂದ ನಾವು ಮೀನಿಗೆ ಮಾಡ್ತಿದ್ವಲ್ಲ... ಅದನ್ನಾ ಕೆಳಗಿಂದ ಯಾರೋ ನಮಗ ಮಾಡಾಕತ್ತಿದ್ರು."

ಸುಂಕಪ್ಪ ದಾರಾನ ಬಲಗೈಗೆ ಸುತ್ತಿಕೊಂಡ. ದಾರ ಅಂಗೈ ಕೊಯ್ತು. ರಕ್ತ ಬೋಟಿನ ಹಲಗಿ ಮ್ಯಾಲ ಟಪ್ ಟಪ್ ಬಿತ್ತು. ಎದಿ ತನಕ ಹೊರಗ ಬಾಗಿದ್ದ. ಮಾರಿ ಮ್ಯಾಲ ನೋವಿಲ್ಲ. ನಗಾಕತ್ತಿದ್ದ, ಮಗಳು ಬಸ್ ಇಳಿಯೋದು ನೋಡಿ ನಗ್ತಾರಲ್ಲ, ಹಂಗ.

"ಸಾಹೇಬ್ರೆ, ಬಿಡಿ! ಬಿಡಿ!" ಅಂತ ತಾಂಡೇಲ ಅವನ ನಡಾ ಹಿಡಕೊಂಡ.

ಬಿಡಲಿಲ್ಲ. ಬೋಟು ಒಂದು ಕಡೆ ವಾಲಾಕತ್ತಿತು. ಒಂದು ದಾರಕ್ಕ ಅಷ್ಟು ದೊಡ್ಡ ಬೋಟು ವಾಲತೈತೇನ್ರಿ? ವಾಲಿತು. ಇಮಾಮಣ್ಣ ಮೀನು ಸೀಳೋ ಚಾಕು ತಗೊಂಡು ದಾರ ಕೊಯ್ದ. ಟಣ್ ಅಂತು, ತಂತಿ ಹರದಂಗ.

ನೀರು ಸುಮ್ಮನಾತು.

ಸುಂಕಪ್ಪ ಬೈಲಿಲ್ಲ. ಬಡೀಲಿಲ್ಲ. ಕೆಳಗ ಕುಂತು ಕೈ ನೋಡಿಕೊಂಡ.

"ಬಿಡಬ್ಯಾಡ ಅಂದಿದ್ದೆ," ಅಂದ. "ಬಿಟ್ಟಿದ್ದಿಲ್ಲ ನೋಡು ಇಮಾಮ... ಇನ್ನೂ ಬಿಟ್ಟಿದ್ದಿಲ್ಲ."

ಕೈ ಎಲುಬು ಕಾಣೋ ತನಕ ಸೀಳಿತ್ತು. ದವಾಖಾನಿ ಮುಂದ ಜೀಪ್ ನಿಲ್ಲಿಸಿದ್ರ ಇಳೀಲಿಲ್ಲ. ಇಮಾಮಣ್ಣ ತನ್ನ ಟವೆಲ್ ಕಟ್ಟಾಕ ಹೋದ್ರ ಕೈ ಕಸಗೊಂಡ. ಮರುದಿನ ಸಂಜಿಗೆ ಅವನನ್ನ ಬಳ್ಳಾರಿ ಕಂಟೋನ್ಮೆಂಟ್ ಮನ್ಯಾಗ ಬಿಟ್ಟು ಇಮಾಮಣ್ಣ ನನ್ನ ಹತ್ರ ಬಂದಿದ್ದ. ಅದಾ ಆ ರಾತ್ರಿ.

"ಅಣ್ಣ, ನೀನು ಜೀವ ಉಳಿಸಿದಿ," ಅಂದೆ.

"ಯಾರದು?" ಅಂದ ಅಂವ.

ಪಾತಾಳಗರಡಿನ ಮತ್ತ ಅಂವ ಕೈಯಾಗ ಹಿಡೀಲಿಲ್ಲ. ಈಗ ತರಕಾರಿ ಗಾಡಿ ತಳ್ತಾನ.

ಮುಂದಿನ ವಾರ ಸುಂಕಪ್ಪ ಒಬ್ಬನಾ ಕಾರವಾರಕ್ಕ ಹೋದ. ಅದಾ ಬೋಟು, ಅದಾ ತಾಂಡೇಲ. ಆ ತಾಂಡೇಲ ಆಮ್ಯಾಲ ಹೇಳಿದ್ದು ಇಷ್ಟು: ಸಾಹೇಬ್ರು ಕೋಲು ಮುಟ್ಟಲೇ ಇಲ್ಲ. ಗಾಯದ ಕೈ ಬಿಚ್ಚಿದಂಗಾ ಇತ್ತು, ನೊಣ ಮುತ್ತಿದ್ವು. ಔಷಧ ಹಚ್ತೀನಿ ಅಂದ್ರೂ ಬ್ಯಾಡ ಅಂದ್ರು. ಸಂಜಿ ಮುಂದ ನಾನು ಲಂಗರು ಎತ್ತಾಕ ಆ ಕಡೆ ತಿರುಗಿದೆ. ಸಪ್ಪಳ ಸೈತ ಆಗಲಿಲ್ಲ. ಈ ಕಡೆ ತಿರುಗಿದ್ರ ಬೋಟಿನ್ಯಾಗ ನಾನೊಬ್ಬನಾ.

ಮರುದಿನ ಬೆಳಿಗ್ಗೆ ಮೀನುಗಾರರ ಬಲಿಯಾಗ ಹೆಣಾ ಬಂತು. ಸಿರುಗುಪ್ಪಕ್ಕ ತಂದ್ರು. ಮಣ್ಣಿಗೆ ನಾನು, ಇಮಾಮಣ್ಣ ಇಬ್ರೂ ಹೋದ್ವಿ. ಜಳಕಾ ಮಾಡ್ಸಾಕ ಮಂದಿ ಹಿಂದ ಮುಂದ ನೋಡಿದ್ರು, ಮೈ ಊದಿತ್ತಲ್ಲ. ನೀರು ಹಾಕಿದಾವ ನಾನಾ.

ಚಾದರ ಸರಿಸಿದೆ. ಅಂಗಿ ತೊಯ್ದು ಮೈಗೆ ಅಂಟಿತ್ತು. ಕೂದಲದಾಗ ಉಸುಗು. ಬಲಗೈ ನೋಡಿ ಕೈಯಾಗಿನ ಚರಿಗಿ ಬಿತ್ತು... ಠಣಾರ್ ಅಂತ.

ಗಾಯಕ್ಕ ಪಟ್ಟಿ ಕಟ್ಟಿತ್ತು. ಬಿಳೇ ಬಟ್ಟಿ, ಸಣ್ಣ ನೀಲಿ ಹೂವಿನದು. ಹರಕು ಬಟ್ಟಿ ಅಲ್ಲ, ನೀಟಾಗಿ ಕತ್ತರಿಸಿದ್ದು. ಎರಡು ಸುತ್ತು ಸುತ್ತಿ, ಮುಂಗೈ ಮ್ಯಾಲ ಗಂಟು ಹಾಕಿತ್ತು. ತಾಂಡೇಲ ಅಲ್ಲೇ ಇದ್ದ. ತನ್ನ ಬೋಟಿನ್ಯಾಗ ಅಂಥ ಬಟ್ಟಿ ಇರ್ಲಿಲ್ಲ ಅಂದ. ಬಲಿ ಎಳದಾವರನ್ನ ಕೇಳಿದ್ವಿ, ಅವರೂ ಕಟ್ಟಿಲ್ಲ. ಪೊಲೀಸರೂ ಕಟ್ಟಿಲ್ಲ.

ನಾನು ಗಂಟು ಬಿಚ್ಚಾಕ ಹೋದೆ. ಪಕ್ಕೀರಮ್ಮ ಹೊರಗ ಬಂದ್ಲು. ಅಲ್ಲಿ ತನಕ ಅಳ್ತಿದ್ದಾಕಿ ಆ ಬಟ್ಟಿ ನೋಡಿ ಅಳೋದು ನಿಲ್ಲಿಸಿದ್ಲು. ಒಂದಾ ಮಾತು ಅಂದ್ಲು.

"ಬಿಚ್ಚಬ್ಯಾಡ್ರಿ."

ಹಂಗಾ ಮಣ್ಣು ಮಾಡಿದ್ವಿ.

ನೀವು ನಂಬ್ರಿ, ಬಿಡ್ರಿ. ಒಂದು ರಾತ್ರಿ ಪೂರ್ತಿ ಸಮುದ್ರದಾಗ ಇದ್ದ ಮನಿಷಾ ಅಂವ. ಆ ಬಟ್ಟಿ ಮ್ಯಾಲ ಇಸ್ತ್ರಿ ಮಡಿಕಿ ಇನ್ನೂ ಹಂಗಾ ಇತ್ತು. ನಾ ಬೆರಳಿಂದ ಮುಟ್ಟಿ ನೋಡೀನಿ.