ಮೆರವಣಿಗೆ ಕುದುರೆಯ ಹೊಟ್ಟೆನೋವು

...ಇಲ್ಲ ಡಾಕ್ಟ್ರಮ್ಮ, ಒದೆಯಲ್ಲ, ಎದರ್ಕೋಬೇಡಿ! ನಾನ್ ಇಡ್ಕೊಂಡಿವ್ನಿ. ಬೆಳಗ್ಗಿಂದ ಇದೇ ಗೋಳು. ಕಾಲಲ್ಲಿ ನೆಲ ಕೆರೀತದೆ, ತಿರ್ತಿರುಗಿ ಒಟ್ಟೆ ನೋಡ್ಕೋತದೆ, ದೊಪ್ ಅಂತ ಬಿದ್ದು ಒರಳಾಡ್ತದೆ. ಯಾ ಅಲ್ಲಾ! ಏಳು ಶಬ್ನಮ್, ಏಳು ಬೇಟಿ... ಈ ಶ್ರೀರಂಗಪಟ್ಟಣದಲ್ಲಿ ಬರೀ ಹುಸೇನ್ ಅಂದ್ರೆ ಯಾವನಿಗೂ ಗೊತ್ತಾಗಲ್ಲ. ಶಬ್ನಮ್ ಹುಸೇನ್ ಅನ್ನಿ, ಮದ್ವೆ ಮನೆಯೋರೆಲ್ಲ ಉಡುಕ್ಕೊಂಡ್ ಬರ್ತಾರೆ! ಇದನ್ನ ಉಳಿಸ್ಕೊಡಿ, ಅಷ್ಟೇ.

ಲದ್ದಿನಾ? ನಿನ್ನೆಯಿಂದ ಆಕಿಲ್ಲ. ಮೊನ್ನೆ ಅಕ್ಕಿಹೆಬ್ಬಾಳಲ್ಲಿ ಮದ್ವೆಗಂಡನ್ನ ಕೂರುಸ್ಕೊಂಡು ಮೆರವಣಿಗೆ, ನಿನ್ನೆ ಶೀಳನೆರೇಲಿ ಇನ್ನೊಂದು. ಅಲ್ಲೇ ಆಗಿರೋದು ನೋಡಿ! ಛತ್ರದಲ್ಲಿ ಯಾವನೋ ಮಿಕ್ಕಿದ್ ಬಾತು ಎಲೆ ಸಮೇತ ಮುಂದಿಟ್ಬುಟ್ಟ.

ನೀರಾ? ಕುಡೀತು. ಕುಡೀದೆ ಇರ್ತದಾ?

ಆ ನಳಿಕೇಲಿ ಏನ್ ಕೇಳ್ಸ್ತು? ...ಎಲ್ಲಿ ಇಟ್ರೂ ಸದ್ದಿಲ್ವಾ? ಒಳ್ಳೇದಲ್ವಾ ಮತ್ತೆ? ಒಟ್ಟೆ ಗುಡುಗುಡು ಅಂದ್ರೆ ತಾನೇ ಕೆಟ್ಟದ್ದು... ಓ. ಕರುಳೇ ಅಲ್ಲಾಡ್ದೆ ನಿಂತೋಗದೆ ಅಂತಲಾ...

ಭುಜದವರ್ಗೂ ಕೈ ಆಕಿ ನೋಡಿದ್ರಲ್ಲ, ಏನ್ ಸಿಕ್ತು? ...ಲದ್ದಿ ಕಲ್ಲಂಗೆ ಕಟ್ಕೊಂಡದಾ? ಬಾತು ತಿಂದ್ರೆ ಅಂಗಾಗ್ತದಲ್ವಾ? ಯಾಕ್ ತಲೆ ಅಲ್ಲಾಡುಸ್ತೀರಿ? ಆಪ್ರೇಷನ್ನಾ! ಬೆಂಗಳೂರವರ್ಗೂ ಗಾಡೀಲಿ ನಿಂತ್ಕೊಳ್ಳೋ ತ್ರಾಣ ಎಲ್ಲದೆ ಇದಕ್ಕೆ?

ಮತ್ತೆ ನೀರಿನ್ ಮಾತೇ! ನನ್ನ ಎಂಡ್ತಿ ಜೀನತ್‌ನ ಕೇಳಿ ಬೇಕಾದ್ರೆ, ದಿನಾ ನೀರಿಡೋಳು ಅವಳೇ... ಇಲ್ಲ, ಮದ್ವೆಗೆ ಅವಳು ಬಂದಿರ್ಲಿಲ್ಲ.

ಕತ್ತಿನ ಚರ್ಮ ಯಾಕ್ ಚಿವುಟ್ತೀರಿ? ...ಬುಟ್ರಲ್ಲ, ಯಾಕೆ ಅಂಗೇ ನಿಂತದೆ? ಇಳೀತಾನೇ ಇಲ್ಲ... ಮೈಯಲ್ಲಿ ನೀರಿಲ್ಲ ಅಂತಲಾ?

ಬೈದ್ಬುಡಿ ಡಾಕ್ಟ್ರಮ್ಮ. ಅಂಗ್ ನನ್ ಮಖ ನೋಡ್ಬೇಡಿ...

ಊಂ. ಕೊಟ್ಟಿಲ್ಲ. ಒಂದ್ ತೊಟ್ಟು ನೀರು ಕೊಟ್ಟಿಲ್ಲ! ಮೆರವಣಿಗೆ ಕುದುರೆಯೋರು ನಾವೆಲ್ಲ ಮಾಡೋದೇ ಅದು, ಮದ್ವೆ ಅಂದ್ರೆ ನೀರು ಕಟ್ತೀವಿ. ಆರತಿ ತಟ್ಟೆ ಮುಂದೆ ಉಚ್ಚೆ ಉಯ್ದುಬುಟ್ರೆ ಅಪಶಕುನ ಅಂತ ಎಣ್ಣಿನ ಕಡೆಯೋರು ಛೀ ಥೂ ಅಂತಾರೆ. ಒಂದಿನ ಕಟ್ಟಿದ್ರೆ ಏನೂ ಆಯ್ತಿರ್ಲಿಲ್ಲ. ಈ ಸಲ ಒಂದರ ಬೆನ್ನಿಗೆ ಇನ್ನೊಂದು ಮದ್ವೆ, ನಡುವೆ ಕುಡಿಸ್ಲೇ ಇಲ್ಲ ನಾನು. ಈ ಬಿಸ್ಲಲ್ಲಿ! ಹೇಮಾವತಿ ದಂಡೇಲೇ ನಡೆಸ್ಕೊಂಡ್ ಬಂದೆ. ನದಿ ಕಡೆ ಕತ್ತು ಎಳೀತು, ಲಗಾಮು ಬಿಗಿ ಇಡ್ಕೊಂಡೆ. ಎರಡನೇ ಸಲ ಎಳೀಲಿಲ್ಲ, ಅಷ್ಟು ಮಾತು ಕೇಳ್ತದೆ ಇದು.

ಏನ್ ಸೂಜಿ ಅದು? ನೋವಿಗಾ?

ನೋವಿಗೆ ತಾನೇ ಡಾಕ್ಟ್ರಮ್ಮ?

...ಓ. ಇನ್ನು ಏಳದಂಗೆ ಮಲಗಿಸೋ ಸೂಜಿನಾ.

ತಡೀರಿ. ಚುಚ್ಚಬೇಡಿ, ಒಂದ್ ಗಳಿಗೆ. ಒಂದ್ ಬಕೆಟ್ ನೀರು ತಂದು ಮುಂದಿಡ್ತೀನಿ. ಕುಡೀದಿದ್ರೂ ಬಾಯಾದ್ರೂ ಅದ್ದಲಿ.