ಮಂಗಳಗೌರಿ ಕಟ್ಟಿದ ಆಂಪ್ಲಿಫೈಯರ್

ಐವತ್ತಾರನೆಯ ಇಸವಿ. ಬೇಗೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಣ್ಣ, ತಂಗಿ ಕೂತಿದ್ದರು. ತಂಗಿಯ ತೊಡೆಯ ಮೇಲೊಂದು ಆಂಪ್ಲಿಫೈಯರ್.

“ಅಪ್ಪನ್ ಮೈಕ್ ಸೆಟ್ಟನ್ನ ರಿಪೇರಿಯೋನೇ ಕೆಡಿಸ್ಬುಟ್ಟ. ಗುಜ್ರಿಗೆ ಆಕನ ಅಂದ್ರೆ ನೀನ್ ಬಿಚ್ಕಂಡ್ ಕುಂತೆ, ಮಂಗಳಗೌರಿ.”

“ಅವ್ನು ತಪ್ಪಾಗ್ ಕೊಟ್ಟಿದ್ ವೈರೆಲ್ಲ ಕಿತ್ತು, ಮನೇಲೇ ಬೆಸುಗೆ ಆಕಿವ್ನಿ ಅಣ್ಣ. ಈಗ ಆಡ್ತದೆ.”

“ಶಾಕ್ ಒಡುದ್ರೆ?”

“ಒಡೀತು. ಎಲ್ಲಿ ಮುಟ್ಬಾರ್ದು ಅಂತ ಗೊತ್ತಾಯ್ತು.”

“ಎಂಗ್ಸು ಮೈಕ್ ಕಟ್ಟಿದ್ರೆ ಮದ್ವೆ ಮನೇಲಿ ಜನ ನಗ್ತಾರೆ ಕಣಮ್ಮಿ.”

“ನಗ್ಲಿ. ಅವ್ರ್ ನಗಾದ್ನೂ ಮೈಕಲ್ಲೇ ಕೇಳಿಸ್ತೀನಿ.”

“ಆಡೋವಾಗ್ಲೇ ಕೆಟ್ಟೋದ್ರೆ?”

“ಅಲ್ಲೇ ಬಿಚ್ಚಿ, ಅಲ್ಲೇ ಕಟ್ತೀನಿ.”

ಗುಂಡ್ಲುಪೇಟೆ ಬಸ್ಸು ಬಂತು. ಪೆಟ್ಟಿಗೆಯನ್ನು ಟಾಪಿಗೆ ಹಾಕಲು ಕ್ಲೀನರ್ ಕೈಚಾಚಿದ. ಅಣ್ಣ ಅಡ್ಡ ನಿಂತ.

“ಟಾಪಿಗ್ ಬ್ಯಾಡ ಕಣ್ಲಾ, ಒಳ್ಗೆ ಗಾಜಿನ್ ವಾಲ್ವ್ ಅವೆ. ನನ್ ತಂಗಿ ಕಟ್ಟಿರಾದು!”

ತಾನೇ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.