ಡಬ್ಬಿ ಒಳಗಿನ ಪಟ್ಟಿ

...ಇಲ್ಲ ಇನಾಯತಭಾಯಿ, ಇದೂ ಕೂಡಲಿಲ್ರಿ. ಮುಂಜಾನೆ ಯಾದಗಿರಿಗೆ ಓಡಿ ತಂದ ರ‍್ಯಾಮ್ ಪಟ್ಟಿ. ಉದ್ದ ಅಷ್ಟ, ಬಣ್ಣ ಅದ ಹಸರು, ಆದ್ರ ನಡುವಿನ ಕಚ್ಚು ಒಂದೀಟು ಆ ಕಡೆ ಐತಿ. ಒತ್ತಿದೆ... ಯಾಕ ನಗ್ತೀರಿ? ಜೋರಾಗಿ ಒತ್ತಿಲ್ಲ, ದೇವರಾಣಿ. ನಿನ್ನಿ ಫೋನಿನ್ಯಾಗ ಹೇಳಿದ್ರಿ ಖರೆ, ಹಳೇ ಕಂಪ್ಯೂಟರಿಗೆ ಡಿಡಿಆರ್ ಎರಡೋ ಮೂರೋ ನೋಡಿ ತಗೋಬೇಕು, ಒಂದರ ಜಾಗಾದಾಗ ಇನ್ನೊಂದು ಕೂಡೂದಿಲ್ಲಂತ. ನಾ, ಈ ದಡ್ಡ ಭೀಮಾಶಂಕರ, ರ‍್ಯಾಮ್ ಅಂದ್ರ ಎಲ್ಲಾ ಒಂದ ಅಂದ್ಕೊಂಡೆ.

ಅದಕ್ಕ ಕಂಪ್ಯೂಟರ್ ಡಬ್ಬೀನ ನಿಮ್ಮ ಅಂಗಡಿಗೆ ಹೊತ್ಕೊಂಡು ಬಂದೀನಿ. ನೀವ ಬಿಚ್ಚಿ, ಹಳೇ ಪಟ್ಟಿ ಮ್ಯಾಲಿನ ಚೀಟಿ ಓದಿ, ಅಂಥಾದ್ದೊಂದು ಹಾಕಿಬಿಡ್ರಿ. ಮತ್ತೇನೂ ಆಗಿಲ್ಲ ಅದಕ್ಕ. ಕುಂಯ್ ಕುಂಯ್ ಅಂತೈತಿ, ಪಡದಿ ಮ್ಯಾಲ ಏನೂ ಬರವಲ್ದು, ಅಷ್ಟ. ಯಾವಾಗಿಂದ ಅಂದ್ರ... ನಿನ್ನಿಯಿಂದ. ಕರೆಂಟ್ ಹೋಗಿ ಬಂತು ನೋಡ್ರಿ, ಆವಾಗ. ನಿಮ್ಮ ಓಣ್ಯಾಗ ಹೋಗಿರ್ಲಿಕ್ಕಿಲ್ಲ. ನಮ್ಮ ಕಡೆ ಹೋಗಿತ್ತು.

ಲಗೂನ ಬಿಚ್ರಿ ಭಾಯಿ. ನನ್ನ ಹೆಂಡ್ತಿ ಕಸ್ತೂರಿ ದಸರಾ ಹಬ್ಬಕ್ಕಂತ ಗೋಗಿಗೆ, ತವರಮನಿಗೆ ಹೋಗ್ಯಾಳ, ಸಂಜಿಗೆ ಬರ್ತಾಳ. ದೇವಾಪುರದವರ ಮದುವಿ ಕಾರ್ಡ್ ಇದರಾಗ ಅರ್ಧಾ ಮಾಡಿಟ್ಟಾಳ, ನಾಳಿ ಅವರು ಬಂದು ಕುಂದರ್ತಾರ. ಮನಿ ನಡೆಯೂದ ಈ ಡಬ್ಬಿ ಮ್ಯಾಲ. ನನ್ನ ಅಂಗಡಿ ಮುಚ್ಚಿದ ಮ್ಯಾಲ ನಾ ಕುಂತು ಉಣ್ಣಾಂವ... ಅಕಿ ಒಂದ ದಿನ ಎತ್ತಿ ಆಡಿಲ್ಲ. ಅದ ನನಗ ಸಂಕಟ. ಹೋಗೂ ಮುಂದ ಒಂದ ಒಂದು ಕೆಲಸ ಹೇಳಿದ್ಲು, ಖಂಡೇಪೂಜಿ, ಆಯುಧಪೂಜಿ ದಿನ ಇದರ ಮ್ಯಾಲ ಒಂದು ಹೂವು ಇಡ್ರಿ ಸಾಕು ಅಂತ.

ಇಟ್ಟೀನ್ರಿ. ಹೂವು ಇಟ್ಟೀನಿ.

ಏನು? ಸ್ಕ್ರೂ ಸಡಿಲ ಅದಾವ? ಮೊದಲಿಂದ ಹಂಗ ಇರಬೇಕು... ಹಾಂ, ಪಟ್ಟಿ ಸಿಕ್ತಲ್ಲ, ಓದ್ರಿ. ಯಾಕ, ಚೀಟಿ ಕಾಣವಲ್ದೇನು? ಧೂಳ ಇರಬೇಕ್ರಿ. ಹಳೇ ಮಷೀನು. ಹಂಗ್ಯಾಕ ಬೆರಳ ನೋಡ್ಕೋತೀರಿ? ಬೆಳ್ಳಗಿನ ಧೂಳೂ ಇರತೈತಿ... ಮೂರು ಗೆರಿ...

ಹೌದ್ರಿ. ಧೂಳ ಮೂರು ಗೆರಿ ಎಳಕೊಳ್ಳೂದಿಲ್ಲ. ಕುಂಕುಮಾನೂ ಕಂಡ್ತೇನು?

ಭಾಯಿ, ಏನರ ಅನ್ರಿ. ಬೇಕಾದ್ರ ಬೈರಿ. ಅಕಿ ಪ್ರತಿ ವರ್ಷ ಹೊರಗಿನ ತಗಡಿಗೆ ವಿಭೂತಿ ಹಚ್ಚತಿದ್ಲು. ದುಡಿಯೂದು ಒಳಗಿಂದು, ಪೂಜಿ ಹೊರಗಿಂದಕ್ಕ ಯಾಕಂತ ನಾ ಬಿಚ್ಚಿದೆ. ಒಳಗ ಒಂದೂ ಬಿಡದಂಗ ಎಲ್ಲಾದಕ್ಕೂ ಹಚ್ಚಿದೆ. ವಿಭೂತಿ ನೀರಾಗ ತೇದ ಹಚ್ಚಬೇಕಲ್ರಿ, ಒಣದು ಹಚ್ಚತಾರೇನು? ಆಮ್ಯಾಲ ಚಾಲೂ ಮಾಡಿದೆ. ಅಕಿ ಬರೂದ್ರಾಗ ನಾನೂ ಒಂದು ಛಲೋ ಕೆಲಸ ಮಾಡಿಟ್ಟಿರಬೇಕು ಅನ್ನಿಸ್ತು, ಅಷ್ಟ.

ಹೊಸಾ ಪಟ್ಟಿ ಹಾಕಿದ್ರ ಎದ್ದೇಳತೈತಲ್ರಿ? ಆ ಕರ‍್ರಗ ಆಗಿದ್ದು ಏನದು, ಬೋರ್ಡೇನು? ಬೋರ್ಡಿಗೆ ಏನೂ ಆಗಿಲ್ಲಲ್ಲ... ಹಂಗ ತಲಿ ಅಲ್ಲಾಡಿಸಬ್ಯಾಡ್ರಿ. ನೀವ ಕೈಬಿಟ್ರ ನಾ ಎಲ್ಲಿ ಹೋಗ್ಲಿ.

ತಡೀರಿ, ಅಕಿದ ಫೋನು. ಹಲೋ... ಹೂಂ ಕಸ್ತೂರಿ, ಬಸ್ಸಿನ್ಯಾಗ ಕುಂತಿ?... ಪೂಜಿ? ಮಾಡೀನಿ... ಹೂವು ಇಟ್ಟೀನಿ.

ಭಾಯಿ, ಗೋಗಿಯಿಂದ ಬನ್ನಿ ಎಲಿ ತರಾಕತ್ತಾಳಂತ. ಈ ಸಲ ಬನ್ನಿ ಬಂಗಾರ ಮೊದಲ ಕಂಪ್ಯೂಟರಿಗಂತ, ಅದ ನಮ್ಮನ್ನ ಸಾಕೈತಿ, ಎರಡನೇದು ನನಗಂತ. ನಗಾಕತ್ತಾಳ.

ಫೋನು ನೀವ ಹಿಡೀರಿ. ಖರೇದ್ದು ಅಕಿಗೆ ನೀವ ಹೇಳಿಬಿಡ್ರಿ.